ಮೇಲಿನಿಂದ ಕ್ರೀಡಾಂಗಣ ಗುರುತಿಸುವ ಅಭ್ಯಾಸ: ಹನ್ನೆರಡನೆಯ ಕಾರ್ಡು, ವೆಂಬ್ಲಿ

ಉಪಗ್ರಹ ಚಿತ್ರ ನೋಡಿ ಫುಟ್‌ಬಾಲ್ ಕ್ರೀಡಾಂಗಣಗಳನ್ನು ಗುರುತಿಸುವ ನನ್ನ ಅಭ್ಯಾಸಕ್ಕಾಗಿ ಮೂವತ್ತು ಕಾರ್ಡುಗಳ ಕಟ್ಟೊಂದು ಸಿದ್ಧವಾಗುತ್ತಿದೆ. ಊರಿನ ಹೆಸರು ಅಳಿಸಿ, ಚಿತ್ರವನ್ನು ಮನಬಂದಂತೆ ತಿರುಗಿಸಿ ಮುದ್ರಿಸಿಕೊಡುವವನು ತಂಗಿಯ ಮಗ. ಕ್ರೀಡಾಂಗಣ ಯಾವುದು, ಉತ್ತರ ಯಾವ ಕಡೆಗಿದೆ ಎಂಬೆರಡನ್ನೂ ನಾನು ಹೇಳಬೇಕು. ಹನ್ನೊಂದು ಕಾರ್ಡುಗಳು ತೊಡಕಿಲ್ಲದೆ ಮುಗಿದಿದ್ದವು. ಹನ್ನೆರಡನೆಯದು ಮೂರು ವಾರ ತಿಂದಿತು.

ಹೆಸರು ಹೇಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಗ್ಯಾಲರಿಯ ಚಾವಣಿಯ ಒಂದು ಉದ್ದ ಬದಿಯಲ್ಲಿ ತೆಳುವಾದ ಬಿಳಿಯ ಬಿಲ್ಲು ಕಾಣುತ್ತಿತ್ತು. 2007ರಲ್ಲಿ ತೆರೆದ ಲಂಡನ್ನಿನ ವೆಂಬ್ಲಿಯ ಕಮಾನು ಅದು: 315 ಮೀಟರ್ ಹರವು, 133 ಮೀಟರ್ ಎತ್ತರ. ನೆಟ್ಟಗೆ ನಿಂತ ಕಮಾನನ್ನು ತಲೆಯ ಮೇಲಿನಿಂದ ನೋಡಿದರೆ ಒಂದು ಗೆರೆಯಷ್ಟೇ ಕಾಣಬೇಕು. ಇದು ಲಂಬದಿಂದ 22 ಡಿಗ್ರಿ ವಾಲಿಕೊಂಡಿರುವುದರಿಂದ ಮೇಲಿನಿಂದಲೂ ಬಿಲ್ಲಿನಂತೆಯೇ ಕಾಣುತ್ತದೆ. ಚಾವಣಿಯ ಕೆಲವು ಭಾಗಗಳು ಸರಿಯುತ್ತವೆಯಾದರೂ ಅವು ಅಂಕಣವನ್ನು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ನಡುವಿನ ಹಸಿರು ಯಾವಾಗಲೂ ಕಾಣಸಿಗುತ್ತದೆ. (ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಈ ಕೆಲಸ ಸಾಗದು, ಅಲ್ಲಿ ಒಂದು ಪಿಕ್ಸೆಲ್ ಎಂದರೆ 10 ಮೀಟರ್, ಕಮಾನಿನ ದಪ್ಪ ಸುಮಾರು 7 ಮೀಟರ್.)

ಎಡವಿದ್ದು ದಿಕ್ಕಿನಲ್ಲಿ. ಸಂಜೆಯ ಸೂರ್ಯ ಗೋಲ್‌ಕೀಪರನ ಕಣ್ಣಿಗೆ ಹೊಡೆಯದಿರಲೆಂದು ಅಂಕಣವನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಕುತ್ತಾರೆ. ಹನ್ನೊಂದು ಕಾರ್ಡುಗಳಲ್ಲಿ ಕೈಕೊಡದ ಆ ನಿಯಮವನ್ನೇ ನಂಬಿ, ಅಂಕಣದ ಉದ್ದಕ್ಕೆ ಬಾಣದ ಗುರುತು ಎಳೆದುಬಿಟ್ಟೆ. ಹುಡುಗ ಕಾರ್ಡನ್ನು ಹಿಂದಕ್ಕೆ ತಳ್ಳಿ, "ಇನ್ನೊಂದ್ಸಲ ನೋಡಿ ಮಾವ" ಎಂದಷ್ಟೇ ಹೇಳಿದ.

ನೆರಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದಕ್ಕೆ ಕಾರಣ ಬೆಂಗಳೂರು. ಮೊದಲ ಕಾರ್ಡು ನಮ್ಮ ಕಂಠೀರವ ಕ್ರೀಡಾಂಗಣದ್ದು. ಅಂಕಣದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಅದನ್ನು ಗುರುತಿಸುವುದು ಸುಲಭ. ಆ ಚಿತ್ರ ಜೂನ್ ತಿಂಗಳಿನದಾಗಿದ್ದು, ನೆರಳುಗಳು ಗಿಡ್ಡವಾಗಿ ನೈಋತ್ಯಕ್ಕೆ ಬಿದ್ದಿದ್ದವು. ಏಪ್ರಿಲ್ ಕೊನೆಯ ಶೂನ್ಯ ನೆರಳಿನ ದಿನ ಕಳೆದ ಮೇಲೆ ಆಗಸ್ಟ್‌ವರೆಗೆ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲೇ ಇರುತ್ತಾನೆ. ಹೀಗಾಗಿ ನೆರಳನ್ನು ನಂಬಬಾರದೆಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ಬರೆದುಕೊಂಡಿದ್ದೆ. ಬೆಂಗಳೂರಿನ ಮಟ್ಟಿಗೆ ಅದು ಸರಿಯಾದ ಎಚ್ಚರಿಕೆಯೇ. ಆದರೆ ಲಂಡನ್ನು 51.5 ಡಿಗ್ರಿ ಅಕ್ಷಾಂಶದಲ್ಲಿದೆ. ಇಂತಹ ಉಪಗ್ರಹಗಳು ಹಾದುಹೋಗುವ ಬೆಳಗಿನ ಹತ್ತೂವರೆ, ಹನ್ನೊಂದರ ಹೊತ್ತಿಗೆ ಅಲ್ಲಿನ ನೆರಳು ವರ್ಷವಿಡೀ ಉತ್ತರದ ಕಡೆಗೇ ಬೀಳುತ್ತದೆ.

ಎರಡನೆಯ ವಾರ ಕಾರ್ಡನ್ನು ಅಡಿಕೋಲಿನಿಂದ ಅಳೆದೆ. ಅಳತೆಗೆ ಆಧಾರ ಮಧ್ಯವೃತ್ತ. ಅಂಕಣಗಳ ಉದ್ದ-ಅಗಲ ತುಸು ಹೆಚ್ಚುಕಡಿಮೆ ಇರಬಹುದು, ಆದರೆ ವೃತ್ತದ ತ್ರಿಜ್ಯ ಎಲ್ಲೆಡೆಯೂ 9.15 ಮೀಟರೇ. ಕಾರ್ಡಿನಲ್ಲಿ ವೃತ್ತದ ಅಡ್ಡಳತೆ 6 ಮಿಲಿಮೀಟರ್ ಬಂದಿತು, ಅಂದರೆ ಒಂದು ಮಿಲಿಮೀಟರಿಗೆ ಸುಮಾರು 3 ಮೀಟರ್. ಇಷ್ಟು ಸಣ್ಣ ಅಳತೆಯಲ್ಲಿ ತಪ್ಪಾಗುವ ಸಂಭವವಿದ್ದುದರಿಂದ 40.3 ಮೀಟರ್ ಅಗಲದ ಪೆನಾಲ್ಟಿ ಬಾಕ್ಸನ್ನೂ ಅಳೆದು ತಾಳೆ ನೋಡಿದೆ. 13 ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚಿತ್ತು. ಅಕ್ಕಪಕ್ಕದ ಕಟ್ಟಡಗಳ ಗೋಡೆಗಳು ಕಾಣದೆ ಚಾವಣಿಗಳಷ್ಟೇ ಕಾಣುತ್ತಿದ್ದುದರಿಂದ ಚಿತ್ರವನ್ನು ಹೆಚ್ಚುಕಡಿಮೆ ನೇರ ಮೇಲಿನಿಂದಲೇ ತೆಗೆದಿದ್ದಾರೆಂದು ಖಚಿತವಾಯಿತು. ಓರೆಯಾಗಿ ತೆಗೆದ ಚಿತ್ರವಾಗಿದ್ದರೆ ಕಮಾನಿನ ತುದಿ ತನ್ನ ಜಾಗದಿಂದ ಪಕ್ಕಕ್ಕೆ ಸರಿದಂತೆ ಕಂಡು ಲೆಕ್ಕವೆಲ್ಲ ಕೆಡುತ್ತಿತ್ತು.

ಕಮಾನಿನ ನೆತ್ತಿಯಿಂದ ಅದರ ನೆರಳಿನ ನೆತ್ತಿಗೆ ಏಳೂವರೆ ಸೆಂಟಿಮೀಟರ್, ಅಂದರೆ ಸುಮಾರು 230 ಮೀಟರ್ ದೂರವಿತ್ತು. ನೆರಳಿನ ತುದಿ ಚಾವಣಿಯನ್ನು ದಾಟಿ ನೆಲದ ಮೇಲೆ ಬಿದ್ದಿದ್ದುದು ನನ್ನ ಅದೃಷ್ಟ. ಬೇಸಿಗೆಯ ಚಿತ್ರವಾಗಿದ್ದರೆ ನೆರಳು ಗಿಡ್ಡವಾಗಿ, ಸ್ವಲ್ಪ ಚಾವಣಿಯ ಮೇಲೂ ಸ್ವಲ್ಪ ನೆಲದ ಮೇಲೂ ಮುರಿದು ಬೀಳುತ್ತಿತ್ತು. 133ನ್ನು 230ರಿಂದ ಭಾಗಿಸಿದರೆ ಸುಮಾರು 0.58, ಅದು 30 ಡಿಗ್ರಿ ಕೋನದ ಟ್ಯಾಂಜೆಂಟ್. ಅಂದರೆ ದಿಗಂತದಿಂದ ಸೂರ್ಯನ ಎತ್ತರ 30 ಡಿಗ್ರಿ. ಲಂಡನ್ನಿನಲ್ಲಿ ನಡುಹಗಲಿನ ಸೂರ್ಯ ಅಷ್ಟು ಎತ್ತರಕ್ಕೆ ಬರುವುದು ಫೆಬ್ರವರಿಯ ಕೊನೆಯಲ್ಲಿ, ಇಲ್ಲವೇ ಅಕ್ಟೋಬರ್ ಮಧ್ಯದಲ್ಲಿ. ಮರಗಳು ಬೋಳಾಗಿದ್ದುದರಿಂದ ಫೆಬ್ರವರಿಯೆಂದು ಬರೆದೆ. ಹುಡುಗನ ಬಳಿಯಿದ್ದ ಕಡತದಲ್ಲಿ ಮಾರ್ಚ್ ಮೊದಲ ವಾರದ ದಿನಾಂಕವಿತ್ತು. ಚಿತ್ರ ನಡುಹಗಲಿಗಿಂತ ಒಂದು ಗಂಟೆ ಮುಂಚಿನದಾದ್ದರಿಂದ ಆ ವ್ಯತ್ಯಾಸಕ್ಕೂ ಲೆಕ್ಕ ಸಿಕ್ಕಿತು. ಉತ್ತರ ದಿಕ್ಕು ತಪ್ಪಾದ ಬೇಸರಕ್ಕಿಂತ ದಿನಾಂಕ ಇಷ್ಟು ಹತ್ತಿರ ಬಂದ ಸಂತೋಷವೇ ನನಗೆ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬೇಕು.

ಆ ನೆರಳು ಅಂಕಣದ ಉದ್ದಕ್ಕೆ ಬಿದ್ದಿರಲಿಲ್ಲ. ಅಂಕಣಕ್ಕೆ ಬೆನ್ನು ಮಾಡಿ, ತುಸು ಎಡಕ್ಕೆ ಓರೆಯಾಗಿ, ಕಮಾನಿರುವ ಗ್ಯಾಲರಿಯ ಆಚೆಗೆ ಚಾಚಿತ್ತು. ಹಾಗಾದರೆ ಕಮಾನಿರುವ ಬದಿಯೇ ಉತ್ತರ, ಅಂಕಣ ಮಲಗಿರುವುದು ಪೂರ್ವ-ಪಶ್ಚಿಮವಾಗಿ. ಅದೇ ಬದಿಯಿಂದ ಹೊರಟ ನೇರವಾದ ಅಗಲ ದಾರಿಯೊಂದು ಕಾರ್ಡಿನ ಅಂಚಿನವರೆಗೂ ಇತ್ತು: ವೆಂಬ್ಲಿ ಪಾರ್ಕ್ ರೈಲು ನಿಲ್ದಾಣಕ್ಕೆ ಹೋಗುವ ಒಲಿಂಪಿಕ್ ವೇ. ಮೊದಲ ದಿನವೇ ಅದನ್ನು ಕಂಡಿದ್ದರೂ ವಾಹನ ನಿಲುಗಡೆಯ ರಸ್ತೆಯೆಂದು ಬಿಟ್ಟುಬಿಟ್ಟಿದ್ದೆ.

ಮೂರನೆಯ ವಾರ ಹಳೆಯ ಹನ್ನೊಂದು ಕಾರ್ಡುಗಳನ್ನೂ ನೆರಳಿನಿಂದ ಮತ್ತೆ ಪರೀಕ್ಷಿಸಿದೆ. ಬಾಣಗಳೆಲ್ಲ ಸರಿಯಾಗಿಯೇ ಇವೆ. ನೋಟ್‌ಬುಕ್ಕಿನ ಮೊದಲ ಪುಟದ ಎಚ್ಚರಿಕೆಯ ಪಕ್ಕದಲ್ಲಿ "ಕರ್ಕಾಟಕ ವೃತ್ತದ ಉತ್ತರಕ್ಕೆ ಅನ್ವಯಿಸುವುದಿಲ್ಲ" ಎಂದು ಕೆಂಪು ಶಾಯಿಯಲ್ಲಿ ಸೇರಿಸಿದ್ದೇನೆ. ಹದಿಮೂರನೆಯ ಕಾರ್ಡು ಮೇಜಿನ ಮೇಲಿದೆ. ಅದರಲ್ಲಿ ಗ್ಯಾಲರಿ ಎರಡೇ ಬದಿಗೆ, ಒಂದು ಗೋಲಿನ ಹಿಂದೆ ಬರಿಯ ಬಂಡೆ. ಪೋರ್ಚುಗಲ್ಲಿನ ಬ್ರಾಗಾದಲ್ಲಿ ಕಲ್ಲುಗಣಿಯೊಳಗೆ ಕಟ್ಟಿದ ಕ್ರೀಡಾಂಗಣವೇ ಇರಬೇಕು. ಬಾಣವನ್ನು ಮಾತ್ರ ಇನ್ನೂ ಎಳೆದಿಲ್ಲ.