ಸಹಿ ಹಾಕುವವರಿಗೆ ಎಷ್ಟು ಗೊತ್ತಿರುತ್ತದೆ?

ನಾನು ಬೆಂಗಳೂರಿನಲ್ಲಿ ಕೂತು ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪಗಳ ಹೂಡಿಕೆ ಫಂಡುಗಳ ಲೆಕ್ಕ ನೋಡುತ್ತೇನೆ. ಆ ದ್ವೀಪಗಳನ್ನು ಕಂಡಿಲ್ಲ. ಫಂಡುಗಳ ದುಡ್ಡೂ ಹೆಚ್ಚಾಗಿ ಅಲ್ಲಿರುವುದಿಲ್ಲ ಬಿಡಿ, ನ್ಯೂಯಾರ್ಕ್, ಲಂಡನ್ ಕಡೆ ಇರುತ್ತದೆ. ಕೇಮನ್‌ನಲ್ಲಿರುವುದು ನೋಂದಣಿ ಮತ್ತು ವಿಳಾಸ. ಅಲ್ಲಿನ ರಾಜಧಾನಿ ಜಾರ್ಜ್ ಟೌನ್‌ನ ಅಗ್ಲೆಂಡ್ ಹೌಸ್ ಎಂಬ ಒಂದೇ ಕಟ್ಟಡ 18,857 ಸಂಸ್ಥೆಗಳ ವಿಳಾಸ ಎಂದು ಅಮೆರಿಕ ಸರ್ಕಾರದ ಲೆಕ್ಕಪರಿಶೋಧಕರು 2008ರಲ್ಲಿ ವರದಿ ಕೊಟ್ಟಿದ್ದರು. ಕೇಮನ್‌ನಲ್ಲಿ ಆದಾಯ ತೆರಿಗೆ ಇಲ್ಲ, ಕಂಪನಿ ತೆರಿಗೆಯೂ ಇಲ್ಲ. ಸರ್ಕಾರ ನಡೆಯುವುದು ಆಮದು ಸುಂಕ, ವರ್ಕ್ ಪರ್ಮಿಟ್, ನೋಂದಣಿ ಶುಲ್ಕ ಇಂಥವುಗಳಿಂದ.

ನಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡುವ ಟೀಮ್ ಇರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿನ ಹಿರಿಯ ಸಹೋದ್ಯೋಗಿಯೊಬ್ಬರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಕಾಫಿ, ಟೀ ಎರಡೂ ಮುಟ್ಟುವುದಿಲ್ಲ. ತಿಂಗಳ ಕ್ಲೋಸಿಂಗ್ ಹೊತ್ತಿನಲ್ಲಿ ಕಾಫಿ ಇಲ್ಲದೆ ಹೇಗೆ ಬದುಕುತ್ತಾರೋ!

ಅವರು ಆದಾಯದ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುತ್ತಾರೆ. "ಟ್ಯಾಕ್ಸ್ ಕಟ್ ಆಗುವ ಮೊದಲಿನ ಆದಾಯವೋ, ಕೈಗೆ ಬಂದದ್ದೋ?" ಅಂತ ಕೇಳಿದೆ. ಲೆಕ್ಕದವರ ಚಟ ಅಲ್ವಾ. ಅದನ್ನು ಚರ್ಚ್ ಹೇಳುವುದೇ ಇಲ್ಲವಂತೆ. ಆದಾಯದ ಹತ್ತನೇ ಒಂದು ಪಾಲು ಅಷ್ಟೇ, ಅದಕ್ಕಿಂತ ಹೆಚ್ಚು ವಿವರಣೆಯನ್ನು ಯಾರೂ ಕೊಡಬಾರದು ಎಂದು 1970ರಲ್ಲೇ ಚರ್ಚಿನ ಹಿರಿಯರು ಪತ್ರ ಬರೆದಿದ್ದಾರೆ. ವರ್ಷದ ಕೊನೆಗೆ ಮನೆಮಂದಿಯೆಲ್ಲ ಬಿಷಪ್ ಎದುರು ಹೋಗಿ ಕೂರುತ್ತಾರೆ. ಬಿಷಪ್ಪರಿಗೂ ಈ ಕೆಲಸಕ್ಕೆ ಸಂಬಳ ಇಲ್ಲ, ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಇರುತ್ತದೆ. ವರ್ಷವಿಡೀ ಕೊಟ್ಟದ್ದರ ಪಟ್ಟಿ ಮುಂದಿರುತ್ತದೆ. ಇದು ಪೂರ್ತಿ ಪಾಲು ಹೌದೋ ಅಲ್ಲವೋ ಅಂತ ಕೊಟ್ಟವರೇ ಹೇಳಬೇಕು. ಸಂಬಳದ ಚೀಟಿ ಯಾರೂ ಕೇಳುವುದಿಲ್ಲ. ಪೂರ್ತಿ ಕೊಡದವರಿಗೆ ಅವರ ದೇವಾಲಯದೊಳಗೆ ಹೋಗುವ ಅನುಮತಿ ಚೀಟಿ ಸಿಗುವುದಿಲ್ಲ. ಹಾಗಾಗಿ ಇದು ಸುಮ್ನೆ ಬಾಯಿಮಾತಲ್ಲ.

ಇಂಥವರು ಕೇಮನ್ ಫಂಡುಗಳ ಕೆಲಸ ಮಾಡುವುದು ಹೊಂದುವುದಿಲ್ಲ ಅಂತ ಕೆಲವರಿಗೆ ಅನ್ನಿಸುತ್ತದೆ. 2012ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಅಭ್ಯರ್ಥಿ ಮಿಟ್ ರಾಮ್ನಿ ವಿಷಯದಲ್ಲಿ ಇದೇ ಗಲಾಟೆ ಆಯಿತು. ಅವರೂ ಮಾರ್ಮನ್, ಅವರ ಹೂಡಿಕೆಯೂ ಕೇಮನ್ ಫಂಡುಗಳಲ್ಲಿತ್ತು. 2011ರಲ್ಲಿ ಅವರು ಕಟ್ಟಿದ ತೆರಿಗೆ ಸುಮಾರು 19 ಲಕ್ಷ ಡಾಲರ್, ಕೊಟ್ಟ ದಾನ ಸುಮಾರು 40 ಲಕ್ಷ ಡಾಲರ್. ನಮ್ಮ ಕೆಲಸದಲ್ಲಿ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ತೆರಿಗೆ ವಿನಾಯಿತಿ ಇರುವ ವಿಶ್ವವಿದ್ಯಾಲಯ, ದತ್ತಿ ಸಂಸ್ಥೆಗಳೂ ಸಾಲ ಮಾಡಿ ಹೂಡುವ ಫಂಡಿನಿಂದ ಲಾಭ ಪಡೆದರೆ ಅಮೆರಿಕದಲ್ಲಿ ತೆರಿಗೆ ಕಟ್ಟಬೇಕಾಗಬಹುದು. ಮಧ್ಯೆ ಒಂದು ಕೇಮನ್ ಕಂಪನಿ ಇದ್ದರೆ ಆ ತಾಪತ್ರಯ ಇಲ್ಲ. ಕಾನೂನೇ ಬಿಟ್ಟಿರುವ ದಾರಿ. ಸರಿಯೋ ತಪ್ಪೋ, ಅದನ್ನು ಮುಚ್ಚಬೇಕಾದವರು ಕಾನೂನು ಮಾಡುವವರು.

ನನ್ನ ತಕರಾರು ಇರುವುದು ಸಹಿಯ ವಿಷಯದಲ್ಲಿ.

ಕೇಮನ್‌ನಲ್ಲಿ ಯಾರ ಬಾಯಿಮಾತೂ ನಡೆಯುವುದಿಲ್ಲ. ಹೂಡಿಕೆದಾರರ ಪಾಸ್‌ಪೋರ್ಟ್, ವಿಳಾಸದ ದಾಖಲೆ, ದುಡ್ಡಿನ ಮೂಲ, ಕಂಪನಿಯ ಹಿಂದಿರುವ ಅಸಲಿ ಮಾಲೀಕರು, ಎಲ್ಲಾ ಬೇಕು. ಇಷ್ಟಾದರೂ ವೀವರಿಂಗ್ ಎಂಬ ಫಂಡ್ 2009ರಲ್ಲಿ ಮುಳುಗಿತು. ಹೂಡಿಕೆ ನಡೆಸುವ ಮ್ಯಾನೇಜರ್ ಮೇಲೆ ಕಣ್ಣಿಡಬೇಕಾದ ಇಬ್ಬರು ಡೈರೆಕ್ಟರುಗಳು ಅದೇ ಮ್ಯಾನೇಜರ್‌ನ ಸೋದರ ಮತ್ತು ಮಲತಂದೆ. ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕಿದರು. ಫಂಡಿನ ಆಸ್ತಿ ಅಂತ ತೋರಿಸಿದ್ದರಲ್ಲಿ ದೊಡ್ಡ ಪಾಲು ಬಡ್ಡಿದರದ ಸ್ವಾಪ್‌ಗಳು, ಅಂದರೆ ಬಡ್ಡಿ ಪಾವತಿಯನ್ನು ಅದಲು ಬದಲು ಮಾಡಿಕೊಳ್ಳುವ ಇಬ್ಬರ ನಡುವಿನ ಒಪ್ಪಂದಗಳು. ಆ ಸ್ವಾಪ್‌ಗಳ ಆಚೆ ಬದಿಯಲ್ಲಿದ್ದದ್ದು ಅದೇ ಮ್ಯಾನೇಜರ್ ಹಿಡಿತದ ಇನ್ನೊಂದು ಕಂಪನಿ! 11.1 ಕೋಟಿ ಡಾಲರ್ ಕಟ್ಟಿಕೊಡಿ ಎಂದು ಕೇಮನ್ ಕೋರ್ಟು 2011ರಲ್ಲಿ ಡೈರೆಕ್ಟರುಗಳಿಗೆ ಹೇಳಿತು. 2015ರಲ್ಲಿ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ನಿರ್ಲಕ್ಷ್ಯ ಹೌದು, ಬೇಕೆಂದೇ ಮಾಡಿದ್ದಲ್ಲ ಎಂಬ ಕಾರಣಕ್ಕೆ.

ಮಾರ್ಮನ್ ಚರ್ಚಿನ ಹೂಡಿಕೆ ಸಂಸ್ಥೆ ಎನ್ಸೈನ್ ಪೀಕ್ ಸಿಕ್ಕಿಬಿದ್ದದ್ದೂ ಸಹಿಯ ವಿಷಯದಲ್ಲೇ. ಅಲ್ಲಿ ಕೇಮನ್ ಇರಲಿಲ್ಲ, ತೆರಿಗೆ ತಪ್ಪಿಸಿದ ಆರೋಪವೂ ಅಲ್ಲ. ಷೇರು ಹೂಡಿಕೆ ಎಷ್ಟು ದೊಡ್ಡದು ಎಂದು ಜನಕ್ಕೆ ಗೊತ್ತಾಗದಿರಲಿ ಎಂದು ಹೆಸರಿಗಷ್ಟೇ ಇದ್ದ 13 ಕಂಪನಿಗಳ ಹೆಸರಲ್ಲಿ ಷೇರುಗಳ ವಿವರದ ಫಾರ್ಮ್ ಸಲ್ಲಿಸಿದ್ದರು. ಸಹಿ ಹಾಕುತ್ತಿದ್ದ ಮ್ಯಾನೇಜರುಗಳಿಗೆ ಆ ಹೂಡಿಕೆಯ ಮೇಲೆ ಯಾವ ಅಧಿಕಾರವೂ ಇರಲಿಲ್ಲ. 2023ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರು ಸಂಸ್ಥೆಗೆ 40 ಲಕ್ಷ, ಚರ್ಚಿಗೆ 10 ಲಕ್ಷ ಡಾಲರ್ ದಂಡ ಹಾಕಿದರು. ಸದಸ್ಯರ ಬಾಯಿಮಾತನ್ನೇ ನಂಬುವ ಚರ್ಚು ತನ್ನ ಲೆಕ್ಕದಲ್ಲಿ ಹೀಗೆ ಮಾಡಿದ್ದು ನನಗೆ ದಂಡದ ಮೊತ್ತಕ್ಕಿಂತ ಜಾಸ್ತಿ ಕಸಿವಿಸಿ ತಂದಿತು. ನಮ್ಮ ಸಹೋದ್ಯೋಗಿಗೂ ಬೇಸರವಿತ್ತು. ಆದರೆ ಪಾಲು ಕೊಡುವುದನ್ನು ನಿಲ್ಲಿಸಲಿಲ್ಲ.

ನಮ್ಮ ಟೀಮಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಎನ್‌ಎವಿ ಶೀಟಿನ (ಫಂಡಿನ ನಿವ್ವಳ ಆಸ್ತಿ ಮೌಲ್ಯದ ಲೆಕ್ಕದ ಹಾಳೆ) ಕೆಳಗಿರುವ ರಿವ್ಯೂವರ್ ಕಾಲಂ. ಆಸ್ತಿಯ ಬೆಲೆ ಬರೀ ಮ್ಯಾನೇಜರ್‌ನ ಮೇಲ್‌ನಿಂದ ಬಂದಿದ್ದರೆ ಅಲ್ಲಿ ಸಹಿ ಬೇಡ, ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಿರಿ ಅನ್ನುತ್ತೇನೆ. ರಾತ್ರಿ ಕ್ಲೈಂಟ್ ಕಡೆಯಿಂದ ಫೋನ್ ಬರುತ್ತದೆ. ಒಂದು ಸಹಿಗೆ ಇಷ್ಟೆಲ್ಲಾ ಯಾಕೆ ಅಂತ ರೇಗುತ್ತಾರೆ. ಸ್ವಾಪ್‌ನ ಆಚೆ ಬದಿಯಲ್ಲಿರುವ ಕಂಪನಿ ಯಾರದ್ದು ಅಂತ ಒಂದು ಸಾಲು ಬರೆದು ಕಳಿಸಿ, ಇವತ್ತೇ ಮುಗಿಸುತ್ತೇವೆ ಅಂತ ಹೇಳಿ ಫೋನ್ ಇಡುತ್ತೇನೆ.