ಹೊಲ್ಲೆನ್‌ಟಾಲ್ ಮಾಡೆಲ್ ರೈಲು: ಸೇತುವೆ ನಿಂತಿತು, ಇನ್ನು ಕರೆಂಟ್ ಕಂಬ

ನನ್ನ ಮಾಡೆಲ್‌ನಲ್ಲಿ ರಾವೆನ್ನಾ ಸೇತುವೆಯ ಒಂಬತ್ತೂ ಕಮಾನು ನಿಂತಿವೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ, ಹೊಲ್ಲೆನ್‌ಟಾಲ್ ಕಣಿವೆಯ ರೈಲು ದಾರಿಯಲ್ಲಿರುವ ಅಸಲಿ ಸೇತುವೆ 224 ಮೀಟರ್ ಉದ್ದ, ಸುಮಾರು 37 ಮೀಟರ್ ಎತ್ತರ. 1:160 ಅಳತೆಗೆ ಇಳಿಸಿದರೆ 1.4 ಮೀಟರ್ ಉದ್ದ, 23 ಸೆಂಟಿಮೀಟರ್ ಎತ್ತರ. ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಕತ್ತರಿಸಿ, ತೆಳ್ಳಗೆ ಪುಟ್ಟಿ ಬಳಿದು, ಖಾಲಿ ಬಾಲ್‌ಪೆನ್ನಿನಿಂದ ಕಲ್ಲಿನ ಗೆರೆ ಎಳೆದೆ. ಪುಟ್ಟಿ ಅರ್ಧ ಒಣಗಿರಬೇಕು. ಹಸಿ ಇದ್ದರೆ ಪೆನ್ನಿಗೇ ಅಂಟುತ್ತದೆ, ಜಾಸ್ತಿ ಒಣಗಿದರೆ ಚಕ್ಕೆ ಏಳುತ್ತದೆ.

ಈಗ ಏರಿನ ವಿಷಯ. ಫ್ರೈಬರ್ಗ್‌ನಿಂದ ನಾಯ್‌ಸ್ಟಾಟ್‌ವರೆಗಿನ ಈ ಲೈನ್ ಶುರುವಾಗಿದ್ದು 1887ರಲ್ಲಿ. ಕಟ್ಟಿಸಿದ ಎಂಜಿನಿಯರ್ ರಾಬರ್ಟ್ ಗೆರ್ವಿಗ್ ಅದನ್ನು ನೋಡಲಿಲ್ಲ, 1885ರಲ್ಲೇ ತೀರಿಕೊಂಡಿದ್ದರು. ಹಿರ್ಷ್‌ಸ್ಪ್ರುಂಗ್‌ನಿಂದ ಹಿಂಟರ್‌ಜಾರ್ಟನ್‌ವರೆಗೆ ಸಾವಿರ ಮೀಟರ್‌ಗೆ 55 ಮೀಟರ್ ಏರು. ನಮ್ಮ ಸಕಲೇಶಪುರ ಘಾಟ್‌ನಲ್ಲಿ ಅದು 20 ಮೀಟರ್, ಲೆಕ್ಕ ಹಾಕಿ! ಹಾಗಾಗಿ ಮೊದಲು ಇಂಜಿನ್‌ನ ಹಲ್ಲಿನ ಚಕ್ರ ಕಚ್ಚಿಕೊಂಡು ಹತ್ತಲಿ ಅಂತ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿದ್ದರು. 1927ರಲ್ಲಿ ಹಳೆ ಕಬ್ಬಿಣದ ಸೇತುವೆಯ ಜಾಗಕ್ಕೆ ಈಗಿನ ಕಮಾನು ಸೇತುವೆ ಬಂತು, ಭಾರದ ಇಂಜಿನ್‌ಗೆ ದಾರಿಯಾಯಿತು. ಹೆನ್ಶೆಲ್ ಕಂಪನಿಯ 85 ಸರಣಿಯ ಹತ್ತು ಉಗಿ ಇಂಜಿನ್‌ಗಳು ಬಂದ ಮೇಲೆ, 1933ರಲ್ಲಿ ಹಲ್ಲಿನ ಪಟ್ಟಿಗೆ ವಿದಾಯ.

ನನ್ನ ಪುಟ್ಟ 85 ಒಂದೇ ಆದರೆ ಸರಾಗವಾಗಿ ಹತ್ತುತ್ತದೆ. ನಾಲ್ಕು ಬೋಗಿ ಕಟ್ಟಿದರೆ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ಏರು ಕಡಿಮೆ ಮಾಡು ಅಂತ ಗೆಳೆಯರ ಸಲಹೆ. ಮಾಡಲ್ಲ, ಏರು ಇಲ್ಲದಿದ್ದರೆ ಇದು ಹೊಲ್ಲೆನ್‌ಟಾಲ್ ಹೇಗಾದೀತು? ಅಲ್ಲಿಯ ಹಾಗೆ ಹಿಂದಿನಿಂದ ತಳ್ಳಲು ಇನ್ನೊಂದು ಇಂಜಿನ್ ಹಾಕುತ್ತೇನೆ.

ನಾನು ಆರಿಸಿದ ಕಾಲ 1936ರ ನಂತರದ್ದು. ಆ ವರ್ಷ ಇಲ್ಲಿ 20 ಕಿಲೋವೋಲ್ಟ್, 50 ಹರ್ಟ್ಸ್ ಕರೆಂಟ್‌ನ ಪ್ರಯೋಗ ಶುರುವಾಯಿತು. ಆಗ ಉಳಿದ ಜರ್ಮನ್ ರೈಲಿನ ಕರೆಂಟ್ 15 ಕಿಲೋವೋಲ್ಟ್, ಹರ್ಟ್ಸ್ ಬರೀ 16⅔ ಇತ್ತು. ಊರಿಗೆ ಬರುವ 50 ಹರ್ಟ್ಸ್‌ನ ಮಾಮೂಲಿ ಕರೆಂಟ್‌ನಲ್ಲೇ ರೈಲು ಓಡುತ್ತದಾ ಅಂತ ಪರೀಕ್ಷಿಸಲು ನಾಲ್ಕು ಬೇರೆ ಬೇರೆ ಬಗೆಯ ಇ 244 ಇಂಜಿನ್ ಮಾಡಿಸಿದರು. ಯುದ್ಧ ಮುಗಿದಾಗ ಈ ಭಾಗ ಫ್ರೆಂಚರ ಕೈಗೆ ಬಂತು. ಅವರ ಎಂಜಿನಿಯರುಗಳು ಇದನ್ನು ಅಧ್ಯಯನ ಮಾಡಿ, ತಮ್ಮಲ್ಲಿ 25 ಕಿಲೋವೋಲ್ಟ್‌ವರೆಗೆ ಬೆಳೆಸಿದರು. 1957ರಲ್ಲಿ ಭಾರತೀಯ ರೈಲ್ವೆ ಅದೇ ಪದ್ಧತಿ ಒಪ್ಪಿಕೊಂಡಿತು, ಸಲಹೆಗೆ ಫ್ರೆಂಚ್ ರೈಲ್ವೆ ಇತ್ತು. ಬೆಂಗಳೂರು–ಮೈಸೂರು ರೈಲಿನ ಮೇಲಿರುವ ತಂತಿಯ ಬೇರು ಈ ಕಣಿವೆಯಲ್ಲಿದೆ ಅನ್ನಿ. ತಮಾಷೆ ಏನೆಂದರೆ, ಹೊಲ್ಲೆನ್‌ಟಾಲ್‌ನಲ್ಲೇ 1960ರಲ್ಲಿ ಅದನ್ನು ಬಿಟ್ಟು ಉಳಿದ ಜರ್ಮನಿಯ ಪದ್ಧತಿಗೆ ಹೋದರು.

ಮುಂದಿನ ಕೆಲಸ ಕಂಬಗಳು. ಸೇತುವೆ ತಿರುವಿನಲ್ಲಿದೆ, ತಂತಿ ಒಳಗೆ ಎಳೆಯದ ಹಾಗೆ ಕಂಬ ಹತ್ತಿರ ಹತ್ತಿರ ನೆಡಬೇಕು. ಇ 244 ಅನ್ನು ಹಿತ್ತಾಳೆ ತಗಡಿನಲ್ಲಿ ನಾನೇ ಮಾಡುವ ಯೋಚನೆ ಇದೆ, ಆದರೆ ಮೊದಲು ತಂತಿ.