ಗೆಣಸಿನ ಬಳ್ಳಿ ಹಬ್ಬುತ್ತದೆ, ಗೆಡ್ಡೆ ಯಾಕೆ ಕಟ್ಟುವುದಿಲ್ಲ?

ಹಿತ್ತಲಲ್ಲಿ ಗೆಣಸು ಹಾಕಿದವರ ದೂರು ಬಹುಪಾಲು ಒಂದೇ. ಬಳ್ಳಿ ಬೇಲಿ ದಾಟಿ ಹಬ್ಬಿದೆ, ಅಗೆದು ನೋಡಿದರೆ ಬರೀ ಬೆರಳು ಗಾತ್ರದ ಬೇರು. ಇದು ಸಾಮಾನ್ಯವಾಗಿ ತಳಿಯ ದೋಷವಲ್ಲ. ಯಾವ ಬೇರು ಗೆಡ್ಡೆಯಾಗಬೇಕು, ಯಾವುದು ನಾರಾಗಿ ಉಳಿಯಬೇಕು ಎಂಬುದು ನೆಟ್ಟ ಮೊದಲ 4ರಿಂದ 6 ವಾರದಲ್ಲೇ ಹೆಚ್ಚುಕಡಿಮೆ ತೀರ್ಮಾನವಾಗಿಬಿಡುತ್ತದೆ. ಆಗ ಮಣ್ಣು ಗಟ್ಟಿಯಾಗಿದ್ದರೆ, ನೀರು ನಿಂತರೆ, ಸಾರಜನಕ ಹೆಚ್ಚಾದರೆ ಬಳ್ಳಿ ಮಾತ್ರ ಸೊಕ್ಕುತ್ತದೆ.

ಹಾಗಾಗಿ ಹಸಿ ಸಗಣಿ, ಕೋಳಿ ಗೊಬ್ಬರ, ಯೂರಿಯಾ ಯಾವುದೂ ಬೇಡ. ಚದರ ಮೀಟರಿಗೆ 1 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಮಣ್ಣನ್ನು ಒಂದಡಿ ಆಳ ಸಡಿಲಿಸಿ, 25-30 ಸೆಂ.ಮೀ. ಎತ್ತರದ ಏರು ಮಾಡಿ. ಏರಿನಿಂದ ಏರಿಗೆ 60 ಸೆಂ.ಮೀ., ಬಳ್ಳಿಯಿಂದ ಬಳ್ಳಿಗೆ 20 ಸೆಂ.ಮೀ. ಅಂತರವಿರಲಿ. ಎರೆ ಮಣ್ಣಾದರೆ ಏರು ಮಾಡುವುದು ಇನ್ನೂ ಮುಖ್ಯ.

ನೆಡಲು ಬೇಕಾದ್ದು ಬಳ್ಳಿಯ ಕುಡಿ ತುಂಡು, 20-30 ಸೆಂ.ಮೀ. ಉದ್ದದ್ದು. ಬುಡದ ಭಾಗ ಬೇಡ. ಅದು ಬಲಿತಿರುತ್ತದೆ, ಬಳ್ಳಿ, ಗೆಡ್ಡೆ ಕೊರೆಯುವ ಮೂತಿಹುಳುವಿನ ಮೊಟ್ಟೆಯೂ ಅಲ್ಲೇ ಹೆಚ್ಚು. ಕತ್ತರಿಸಿದ ಕುಡಿಗಳನ್ನು ಎಲೆ ಸಮೇತ ಎರಡು ದಿನ ನೆರಳಲ್ಲಿಟ್ಟರೆ ಬೇರು ಬೇಗ ಬರುತ್ತದೆ. ಎರಡು ಮೂರು ಗಿಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಬಳ್ಳಿ ಸಿಗದಿದ್ದರೆ ಅಂಗಡಿಯ ಗೆಣಸನ್ನೇ ತೇವದ ಮರಳಲ್ಲಿ ಅರ್ಧ ಹೂತಿಡಿ. ಮೂರು ನಾಲ್ಕು ವಾರದಲ್ಲಿ ಚಿಗುರುತ್ತದೆ. ಕಿತ್ತಳೆ ಬಣ್ಣದ ತಿರುಳಿನದು ಬೇಕೆನ್ನುವವರಿಗೆ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭು ಸೋನಾ’ ಇದೆ, ನೇರಳೆಗೆ ‘ಭು ಕೃಷ್ಣ’.

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಮನೆಯದೇ ಗೆಣಸು ಬೇಯಬೇಕೆಂದರೆ ಸೆಪ್ಟೆಂಬರ್ ಮೊದಲೆರಡು ವಾರದೊಳಗೆ ನಾಟಿ ಮುಗಿಸಿ. ಬೆಳೆ ಸುಮಾರು 4 ತಿಂಗಳದು.

ಬೇರು ಹಿಡಿಯುವವರೆಗೆ ದಿನ ಬಿಟ್ಟು ದಿನ ನೀರು, ಆಮೇಲೆ ಮಳೆಯಿಲ್ಲದಿದ್ದರೆ 8-10 ದಿನಕ್ಕೊಮ್ಮೆ. ಒಂದು ತಿಂಗಳಾದಾಗ ಕಳೆ ಕಿತ್ತು, ಬುಡಕ್ಕೆ ಒಂದು ಹಿಡಿ ಸೌದೆ ಬೂದಿ ಹಾಕಿ ಮಣ್ಣು ಏರಿಸಿ. ಬೂದಿಯ ಪೊಟ್ಯಾಷ್ ಗೆಡ್ಡೆಗೆ ಬೇಕು.

ಎರಡನೇ ತಿಂಗಳಲ್ಲಿ ಇನ್ನೊಮ್ಮೆ ಮಣ್ಣು ಏರಿಸುವುದನ್ನು ತಪ್ಪಿಸಲೇಬೇಡಿ. ಗೆಡ್ಡೆ ದಪ್ಪವಾದಂತೆ ಏರು ಬಿರಿಯುತ್ತದೆ. ಮೂತಿಹುಳು ತಾನಾಗಿ ಆಳ ತೋಡಲಾರದು, ಆ ಬಿರುಕಿನಿಂದಲೇ ಗೆಡ್ಡೆಗೆ ಇಳಿಯುತ್ತದೆ. ಹುಳು ಕೊರೆದ ಗೆಣಸು ಕಹಿ. ಕೊರೆದಷ್ಟು ಭಾಗ ಕತ್ತರಿಸಿ ಉಳಿದದ್ದು ತಿಂದರಾಯಿತು ಎನ್ನಬೇಡಿ, ಕಹಿ ಸುತ್ತಲೂ ಹರಡಿರುತ್ತದೆ. ದನಕ್ಕೂ ಹಾಕಬಾರದು. ಅದೇ ಜಾಗದಲ್ಲಿ ಮರುವರ್ಷ ಗೆಣಸು ಬೇಡ, ಅಗೆದ ಮೇಲೆ ಚೂರು ಗೆಡ್ಡೆಯನ್ನೂ ಮಣ್ಣಲ್ಲಿ ಬಿಡಬೇಡಿ.

ಎಲೆ ಹಳದಿಯಾಗತೊಡಗಿದಾಗ ಒಂದು ಗೆಡ್ಡೆ ಕೊಯ್ದು ನೋಡಿ. ಕೊಯ್ದಲ್ಲಿ ಒಸರುವ ಹಾಲು ಬೆಳ್ಳಗೇ ಒಣಗಿದರೆ ಬಲಿತಿದೆ. ಹಸಿರುಗಪ್ಪಾದರೆ ಇನ್ನೂ ಕಾಯಬೇಕು. ಅಗೆಯುವ 2-3 ವಾರ ಮೊದಲೇ ನೀರು ನಿಲ್ಲಿಸಿ. ಗುದ್ದಲಿ ಬುಡಕ್ಕೆ ಹೊಡೆಯದೆ ಒಂದಡಿ ದೂರದಿಂದ ಎಬ್ಬಿಸಿ. ಸಿಪ್ಪೆ ಎಳೆಯದು, ಗೀರಿದ ಕಡೆಯೇ ಕೊಳೆ ಶುರು.

ತೊಳೆಯದೆ, ಗೋಣಿ ಹೊದಿಸಿ ಒಂದು ವಾರ ಬೆಚ್ಚನೆಯ ನೆರಳಲ್ಲಿಡಿ. ಗಾಯ ಮಾಗಿ, ಸಿಹಿ ಏರುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಆ ತಂಪಿಗೆ ತಿರುಳು ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ.